ಒಸಿ ಟಚ್ ಮೀಮಾಂಸೆ

'ಒಸಿ' ಎಂಬುದು ಒಂದು ಅಳತೆ. ಬಳ್ಳ, ಸೇರು, ಕೊಳಗಗಳೆಲ್ಲ ಹೋದ ಮೇಲೂ ಹುಣಸೂರು-ಪಿರಿಯಾಪಟ್ಟಣದ ಸೀಮೆಯಲ್ಲಿ ಇದೊಂದು ಉಳಿದುಕೊಂಡಿದೆ. ಒಸಿ ಉಪ್ಪು ಎಂದರೆ ಚಿಟಿಕೆ. ಒಸಿ ದೂರ ಎಂದರೆ ಎರಡು ಮೈಲಿ. 'ಒಸಿ ಟಚ್' ಎಂದರೆ ಬಂಪರು, ಒಂದು ಹೆಡ್‌ಲೈಟು ಮತ್ತು ರೇಡಿಯೇಟರು. ಈ ಮೂರನೆಯ ಪ್ರಯೋಗವೇ ಪ್ರಸ್ತುತ ಪ್ರಬಂಧದ ವಿಷಯ.

ಮೂಲಪಾಠ ಹೀಗಿದೆ: ಸೋದರಮಾವನ ಕಾರನ್ನು ನಾನು ಎರಡು ದಿನದ ಮಟ್ಟಿಗೆ ಕೇಳಿ ತಂದಿದ್ದೆ. ಗೆಳೆಯ ಅದನ್ನು ಅರ್ಧ ಗಂಟೆಯ ಮಟ್ಟಿಗೆ ನನ್ನಿಂದ ಕೇಳಿ ತೆಗೆದುಕೊಂಡ. ಮೈಸೂರು-ಮಡಿಕೇರಿ ಹೆದ್ದಾರಿಯಿಂದ ಕೊಪ್ಪದಲ್ಲಿ ಬೈಲುಕುಪ್ಪೆಯ ಟಿಬೆಟಿಯನ್ ಕ್ಯಾಂಪಿಗೆ ತಿರುಗಿಕೊಳ್ಳುವಾಗ, ತಂಬಾಕು ಬೇಯಿಸುವ ಬ್ಯಾರನ್ನಿಗೆ ಸೌದೆ ಹೊತ್ತ ಟ್ರ್ಯಾಕ್ಟರೊಂದು ಮುಂದೆ ನಿಂತಿತ್ತು. ಟ್ರೈಲರಿಗೆ ಹಿಂದೆ ಕೆಂಪು ದೀಪವಿರಲಿಲ್ಲ. ಗೆಳೆಯನ ಮನಸ್ಸು ಮೊಮೊದಲ್ಲಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಟ್ರ್ಯಾಕ್ಟರಿಗಂತೂ ವಿಷಯವೇ ಗೊತ್ತಾಗಲಿಲ್ಲ.

ಫೋನು ಬಂತು: 'ಮಗ, ಗಾಬರಿ ಬೀಳ್ಬ್ಯಾಡ. ಗಾಡಿ ಒಸಿ ಟಚ್ ಆಗದೆ ಕಣ್ಲಾ.'

ಈ ವಾಕ್ಯದ ವ್ಯಾಕರಣದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗ್ರಂಥಸ್ಥ ಕನ್ನಡದಲ್ಲಿ 'ಆಗದೆ' ಎಂದರೆ ಸಂಭವಿಸದೆ ಎಂದರ್ಥ. ನಮ್ಮ ಕಡೆಯ ಮಾತಿನಲ್ಲಿ ಸಂಭವಿಸಿಹೋಗಿದೆ ಎಂದರ್ಥ. ಒಂದೇ ಪದದಲ್ಲಿ ತಪ್ಪೊಪ್ಪಿಗೆಯೂ ನಿರಾಕರಣೆಯೂ ಅಡಕವಾಗಿರುವುದು ಬೇರೆ ಯಾವ ಭಾಷೆಗೆ ಸಾಧ್ಯವೋ ಕಾಣೆ. ಇನ್ನು ಕರ್ತೃಪದವಂತೂ ಇಲ್ಲವೇ ಇಲ್ಲ. ಲೋಟ ಬಿತ್ತು, ಗಾಜು ಒಡೀತು, ಗಾಡಿ ಟಚ್ ಆಯ್ತು. ಬೀಳಿಸಿದವರು, ಒಡೆದವರು ನಮ್ಮ ಊರುಗಳಲ್ಲಿ ಹುಟ್ಟಿಯೇ ಇಲ್ಲ.

ಆದರೆ ಧರ್ಮಶಾಸ್ತ್ರಕ್ಕೆ ಕರ್ತೃ ಬೇಕು. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ನಮ್ಮವನೇ. ಮದುವೆ ಮುಂತಾದ ಸಮಾರಂಭಕ್ಕೆಂದು ಕೇಳಿ ತಂದ ಬಟ್ಟೆ, ಒಡವೆ 'ಯಾಚಿತ'. ತನ್ನ ಕೈಗೆ ಬಂದದ್ದನ್ನು ಇನ್ನೊಬ್ಬನ ಕೈಗೆ ದಾಟಿಸಿದರೆ 'ಅನ್ವಾಹಿತ'. ಅಂದರೆ ಹುಣಸೂರಿನ ತನಕ ಯಾಚಿತವಾಗಿದ್ದ ಕಾರು ಕೊಪ್ಪದ ಹೊತ್ತಿಗೆ ಅನ್ವಾಹಿತವಾಗಿತ್ತು. ಇಂಥ ವಸ್ತು ರಾಜನಿಂದ, ದೈವದಿಂದ ಅಥವಾ ಕಳ್ಳರಿಂದ ಹಾಳಾದರೆ ಮಾತ್ರ ಇಟ್ಟುಕೊಂಡವನಿಗೆ ಬಿಡುಗಡೆ. ನನ್ನ ಗೆಳೆಯ ಸ್ಮೃತಿ ಓದಿದವನಲ್ಲ. ಆದರೂ ಮೂರನ್ನೂ ಅದೇ ಕ್ರಮದಲ್ಲಿ ಹೇಳಿದ: ಸರ್ಕಾರ ಅಲ್ಲಿ ಬೀದಿದೀಪ ಹಾಕಿಲ್ಲ, ಎಲ್ಲ ಹಣೇಬರ, ಟ್ರೈಲರಿನ ರಿಫ್ಲೆಕ್ಟರನ್ನು ಯಾವನೋ ಕಿತ್ಕೊಂಡು ಹೋಗವ್ನೆ.

ಟಿಂಕರಿಂಗ್ ಅಂಗಡಿಯವನು ಬಾನೆಟ್ ಎತ್ತಿ, ಬೀಡಿ ಆರಿಸಿ, 'ಯಾವೋನ್ಲಾ ಗುದ್ದಿದ್ದು?' ಎಂದ. ಇಡೀ ಪ್ರಕರಣದಲ್ಲಿ ಕರ್ತೃಪದ ಪ್ರಯೋಗಿಸಿದ ಏಕೈಕ ವಿದ್ವಾಂಸ ಅವನು.

ವಿಮಾಶಾಸ್ತ್ರ ಇನ್ನೂ ಸೂಕ್ಷ್ಮ. ಸಾಮಾನ್ಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿಯಿಲ್ಲ, ಪ್ಲಾಸ್ಟಿಕ್ಕಿಗೆ ಅರ್ಧಕ್ಕರ್ಧ. ಈಗಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕೇ. 1,500 ಸಿಸಿಯೊಳಗಿನ ಕಾರಾದರೆ ಮೊದಲ 1,000 ರೂಪಾಯಿ ನಮ್ಮದೇ. ಕ್ಲೇಮು ಮಾಡಿದರೆ ಮುಂದಿನ ವರ್ಷದ ಬೋನಸ್ಸೂ ಹೋಯಿತು. ಯಾಚಕನಿಗೆ ಇದೆಲ್ಲ ತಿಳಿಯುವುದು ಗುದ್ದಿದ ಮೇಲೆ.

ಉಳಿದದ್ದು ಮಾವ. 'ಯಾರ್ ಕೈಗ್ಲಾ ಕೊಟ್ಟೆ ನನ್ ಕಾರ?' ಎಂದು ಶುರುವಾದ ಭಾಷ್ಯ ನನ್ನ ಅಜ್ಜನ ಕಾಲದ ಸಾಲದವರೆಗೂ ಹೋಗಿ ಬಂತು. ಅತ್ತೆ ನಡುವೆ ಎರಡು ಸಲ ಕಾಫಿ ಕೊಟ್ಟರು. ನಾನು 'ನನ್' ಎಂಬ ಪದವನ್ನು ಗಮನಿಸಿಕೊಂಡೆ, ಏಕೆಂದರೆ ಕ್ಲೇಮು ಕಾಗದಕ್ಕೆ ಬೇಕೆಂದು ಅಷ್ಟರಲ್ಲಿ ಆರ್‌ಸಿ ತೆಗೆದು ನೋಡಿದ್ದೆ. ಅದರಲ್ಲಿದ್ದದ್ದು ಕಾವೇರಿ ಸೇತುವೆಯಾಚೆ, ಕುಶಾಲನಗರದ ಕಡೆಯ ಯಾರೋ ಒಬ್ಬರ ಹೆಸರು. ಕಾರು ಕೊಂಡವನು ಸಾರಿಗೆ ಕಚೇರಿಗೆ ತಿಳಿಸಲು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ವಾರಗಳ ಲೆಕ್ಕದಲ್ಲಿ ಗಡುವು ಕೊಡುತ್ತದೆ. ಮಾವ ಕಾರು ತಂದು ನಾಲ್ಕು ವರ್ಷವಾಗಿತ್ತು. ವಿಮೆಯೂ ಅದೇ ಹೆಸರಿನಲ್ಲೇ ನಡೆದುಕೊಂಡು ಬಂದಿತ್ತು. ಎದುರಿನವರಿಗಾದ ನಷ್ಟದ ವಿಮೆಯೇನೋ ಕಾರಿನ ಜೊತೆಗೇ ಹೊಸ ಯಜಮಾನನಿಗೆ ದಾಟುತ್ತದೆ; ಸ್ವಂತ ಬಂಪರಿನದು ದಾಟುವುದಿಲ್ಲ.

ನಾನು ಆರ್‌ಸಿಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟೆ. ಮಾವ ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಕಾರಿನ ಬಣ್ಣ ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು ನೋಡಿದಂತೆ ಮಾಡಿದರು. ಕಡೆಗೆ ಅದನ್ನು ಮಡಿಚಿ ಜೇಬಿಗಿಳಿಸಿ ಎಂದರು:

'ಹೋಗ್ಲಿ ಬುಡ್ಲಾ. ರೆಕಾರ್ಡಲ್ಲಿ ಒಸಿ ಕೆಲ್ಸ ಬಾಕಿ ಅದೆ.'