ನಾಟ್‌ನಲ್ ಮೀಮಾಂಸೆ ಅಥವಾ ಹೆಸರಿಲ್ಲದ ರೈತ, ತೂಕವಿಲ್ಲದ ಭತ್ತ

1. ಪೀಠಿಕೆ

ಸಿರುಗುಪ್ಪದಲ್ಲೊಂದು ಕಲ್ಪಿತ ಅಕ್ಕಿ ಗಿರಣಿಯನ್ನು ದೃಷ್ಟಾಂತಕ್ಕೆ ಇಟ್ಟುಕೊಳ್ಳೋಣ. ಶಾಸ್ತ್ರಕ್ಕೆ ನಿಜದ ಗಿರಣಿ ಬೇಕಿಲ್ಲ. ಅದರ ಭತ್ತ ಖರೀದಿಯ ಸಾಫ್ಟ್‌ವೇರ್ ಸ್ಪ್ರಿಂಗ್ ಬೂಟ್ 2ರಿಂದ 3ಕ್ಕೆ ಬಡ್ತಿ ಪಡೆದ ಮರುದಿನ ಕುರುಗೋಡಿನ ರೈತರೊಬ್ಬರ ಕೈಗೆ ಬಂದ ಚೀಟಿಯ ಪಾಠ ಹೀಗಿದೆ: ‘ಹೆಸರು: ನಲ್. ತೂಕ: ನಲ್. ಹಮಾಲಿ ಕಡಿತ: 240 ರೂ.’ ಹೆಸರಿಲ್ಲದವನ ತೂಕವಿಲ್ಲದ ಭತ್ತಕ್ಕೂ ಹಮಾಲಿ ತಪ್ಪದೆಂಬುದು ಇದರಿಂದ ಸಿದ್ಧ.

ಗುಮಾಸ್ತರ ಸಾಕ್ಷ್ಯ: “ಮೊದ್ಲು ಒಂದು ಖಾನೆ ಬಿಟ್ರೂ ಕೆಂಪಗೆ ಬರ್ತಿತ್ರಿ. ಈಗ ಭಾಳ ಚೆಂದ ಆಗೈತ್ರಿ, ಏನ್ ಬಿಟ್ರೂ ತಕರಾರಿಲ್ಲ.”

2. ಪೂರ್ವಪಕ್ಷ

ರೀಸ್ಟಾರ್ಟ್ ಪಂಥದವರು ಸರ್ವರನ್ನು ಆರಿಸಿ ಹಚ್ಚಿದರು. ಕರೆಂಟ್ ಪಂಥದವರು ಯುಪಿಎಸ್ಸನ್ನು ಶಂಕಿಸಿದರು. ಮೂರನೆಯದಾದ ದಂಡನ ಪಂಥವು ಕೋಡ್ ಬರೆದವನನ್ನೇ ಹಿಡಿಯತಕ್ಕದ್ದೆಂದು ವಾದಿಸಿ, ಬಳ್ಳಾರಿ ಕೋಟೆಗಿಂತ ಎದುರಿನ ಕುಂಬಾರ ಗುಡ್ಡ ಎತ್ತರವೆಂದು ತಿಳಿದ ಹೈದರಾಲಿ ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯವನ್ನು ಪ್ರಮಾಣವಾಗಿ ಮುಂದಿಟ್ಟಿತು. ಗಲ್ಲಿನ ಬಳಿಕವೂ ಗುಡ್ಡ ತಗ್ಗಲಿಲ್ಲವಾದ್ದರಿಂದ ಈ ವಾದ ಬಿದ್ದುಹೋಯಿತು.

3. ಸಿದ್ಧಾಂತ

ಹೆಸರಿನ ಖಾನೆಯ ತಲೆಯ ಮೇಲೆ @ನಾಟ್‌ನಲ್ ಇದ್ದೇ ಇತ್ತು. ಆದರೆ ಜಾವಾಎಕ್ಸ್ ಗೋತ್ರದ್ದು. ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿದ ಒರಾಕಲ್, ಜಾವಾಎಕ್ಸ್ ಎಂಬ ಹೆಸರನ್ನು ಮುಂದಕ್ಕೆ ಬೆಳೆಸುವ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. 2020ರ ಬೀನ್ ವ್ಯಾಲಿಡೇಶನ್ 3.0 ಜಕಾರ್ತಾ ಗೋತ್ರಕ್ಕೆ ದತ್ತು ಹೋಯಿತು; 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಅದನ್ನೇ ಹಿಡಿಯಿತು. ಹೈಬರ್ನೇಟ್ ವ್ಯಾಲಿಡೇಟರ್ 8ಕ್ಕೆ ಜಕಾರ್ತಾದ @ನಾಟ್‌ನಲ್ ಮಾತ್ರ ನಿಯಮ. ಹಳೆಯದು ಬರೀ ಅಲಂಕಾರ.

ಹಾಗಾದರೆ ಕಂಪೈಲರ್ ಏಕೆ ಸುಮ್ಮನಿತ್ತು? ಬೇರೊಂದು ಲೈಬ್ರರಿಯ ಬೆನ್ನಿಗೆ ಬಿದ್ದು ಹಳೆಯ ಜಾರ್ ಒಳಗೆ ಬಂದಿತ್ತು. ಇನ್ನೂ ಸೋಜಿಗವೆಂದರೆ, ಸ್ಪ್ರಿಂಗ್ ‘ವ್ಯಾಲಿಡ್’ ಎಂದು ಶುರುವಾಗುವ ಯಾವ ಅನೊಟೇಶನ್ ಕಂಡರೂ ಗೋತ್ರ ಕೇಳದೆ ತಪಾಸಣೆಗೆ ಕಳಿಸುತ್ತದೆ. ತಪಾಸಣೆ ನಡೆದೇ ನಡೆಯಿತು. ನೋಡಬೇಕಾದ ನಿಯಮ ಒಂದೂ ಕಾಣದ್ದರಿಂದ ಎಲ್ಲವೂ ಪಾಸಾಯಿತು.

4. ಚಿಕಿತ್ಸೆ

ಮೇವನ್‌ನಲ್ಲಿ ಡಿಪೆಂಡೆನ್ಸಿ ಟ್ರೀ ತೆಗೆಸಿ, ಹಳೆಯ ಜಾರ್ ಯಾರ ಜೊತೆ ಬಂದಿದೆ ನೋಡಿ ಹೊರಗಟ್ಟಬೇಕು. ಆಗ ಏಳುವ ಎರರ್‌ಗಳ ಬೆನ್ನುಹತ್ತಿ ಇಂಪೋರ್ಟ್ ಸಾಲುಗಳನ್ನು ತಿದ್ದಬೇಕು. ಕಂಡಕಂಡ ಜಾವಾಎಕ್ಸನ್ನೆಲ್ಲ ಅಳಿಸುವುದು ಮಹಾಪಾತಕ: ಜಾವಾಎಕ್ಸ್.ಎಸ್‌ಕ್ಯೂಎಲ್ ಜೆಡಿಕೆಯ ಸ್ವಂತ ಆಸ್ತಿ, ಹಾಗೆಯೇ ಇರತಕ್ಕದ್ದು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬದಲಾದರೂ ಬಳ್ಳಾರಿ ರೈಲು ನಿಲ್ದಾಣದ ಕೋಡ್ ಬಿಎವೈ ಕದಲಲಿಲ್ಲವೆಂಬುದು ಇದಕ್ಕೆ ಸ್ಥಳೀಯ ಪ್ರಮಾಣ. ಕೊನೆಗೆ, ಹೆಸರು ಬಿಟ್ಟು ಅರ್ಜಿ ಕಳಿಸಿದರೆ 400 ಬರಲೇಬೇಕೆಂದು ಒಂದು ಟೆಸ್ಟ್ ಬರೆದಿಡಬೇಕು. ಅಪ್‌ಗ್ರೇಡಿಗೆ ಮೊದಲೇ ಬರೆದಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

5. ಫಲಶ್ರುತಿ

ಇದನ್ನು ಅಪ್‌ಗ್ರೇಡಿನ ಮುನ್ನಾದಿನ ಪಠಿಸಿದವರ ಬಿಲ್ಡ್ ಕೂಡಲೇ ಒಡೆಯುವುದು. ಭಕ್ತಿಯಿಂದ ಕೇಳಿದವರ ಟೆಸ್ಟ್‌ಗಳು ಕೆಂಪಾಗುವುವು. ಗುಮಾಸ್ತರು ಮತ್ತೆ ಗೊಣಗುವರು. ರೈತರಿಗೆ ಹೆಸರೂ ಭತ್ತಕ್ಕೆ ತೂಕವೂ ಪ್ರಾಪ್ತವಾಗುವುವು. ಹಮಾಲಿ ಕಡಿತ ಯಥಾಸ್ಥಿತಿ.