ಹಳೆ ಸ್ಪೀಕರಿಗೆ ಹೊಸ ರಿಸೀವರ್: ಒಂದು ಕೆರಾಡಿ ಮೀಮಾಂಸೆ

ಕೆರಾಡಿಯ ಶ್ರವಣೇತಿಹಾಸದಲ್ಲಿ 2022ಕ್ಕೆ ಮುಂಚಿನ ಕಾಲವನ್ನು ವಿದ್ವಾಂಸರು ‘ಟಿವಿ ಸೌಂಡೇ ಸಾಕು ಯುಗ’ ಎನ್ನುತ್ತಾರೆ. (ವಿದ್ವಾಂಸರು ಎಂದರೆ ಪ್ರಸ್ತುತ ಲೇಖಕ.) ಆ ವರ್ಷದ ಸೆಪ್ಟೆಂಬರ್ 30ರಂದು, ಈ ಊರಿನವರೇ ಆದ ರಿಷಬ್ ಶೆಟ್ಟಿ ಇದೇ ಊರಿನಲ್ಲಿ ಚಿತ್ರೀಕರಿಸಿದ ‘ಕಾಂತಾರ’ ತೆರೆಗೆ ಬಂತು. ಥಿಯೇಟರಿನಲ್ಲಿ ಎದೆ ನಡುಗಿಸಿದ ಅದರ ದೈವದ ಕೂಗು ಮನೆಯ ಟಿವಿಯಲ್ಲಿ ನೆಗಡಿಯಾದವರು ಕರೆದಂತೆ ಕೇಳಿಸಿತು. ಅಟ್ಟ ಸೇರಿದ್ದ ಸ್ಪೀಕರುಗಳು ಕೆಳಗಿಳಿದವು. ಅವಕ್ಕೆ ತಕ್ಕ ರಿಸೀವರ್ ಯಾವುದು ಎಂಬುದೇ ಇಲ್ಲಿನ ಜಿಜ್ಞಾಸೆ.

ಪೂರ್ವಪಕ್ಷ: ಡಬ್ಬದ ಮೇಲೆ ವ್ಯಾಟ್ ಹೆಚ್ಚಿದ್ದಷ್ಟೂ ರಿಸೀವರ್ ಶ್ರೇಷ್ಠ ಎಂಬುದು ವ್ಯಾಟ್‌ವಾದಿಗಳ ಮತ. ಅವರ ಪರಮ ಪ್ರಮಾಣ ‘5000 ವ್ಯಾಟ್ ಪಿಎಂಪಿಒ’ ಎಂಬ ಜಾಹೀರಾತಿನ ಅಂಕಿ.

ಖಂಡನೆ: ಗೋಡೆಯ 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ಕೊಡಬಲ್ಲದ್ದೇ 1380 ವ್ಯಾಟ್. ಉಳಿದ 3620 ಎಲ್ಲಿಂದ ಬಂತೆಂದು ಕೇಳಿದರೆ ವ್ಯಾಟ್‌ವಾದಿಗಳು ಚಾ ಕುಡಿಯಲು ಏಳುತ್ತಾರೆ. ಆದ್ದರಿಂದ ಸತತವಾಗಿ ಕೊಡಬಲ್ಲ ಆರ್‌ಎಂಎಸ್ ವ್ಯಾಟ್ ಮಾತ್ರ ಪ್ರಮಾಣ. ಅದೂ ಎಷ್ಟು ಚಾನೆಲ್ ಒಟ್ಟಿಗೆ ದುಡಿದಾಗ ಅಳೆದದ್ದು ಎಂದು ನೋಡಿಕೊಂಡು.

ಸೂತ್ರ 1: ಸ್ಪೀಕರಿನ ಬೆನ್ನು ನೋಡದೆ ರಿಸೀವರಿನ ಮುಖ ನೋಡಬಾರದು.
ಭಾಷ್ಯ: ಬೆನ್ನಲ್ಲಿ ಓಮ್ ಬರೆದಿರುತ್ತದೆ. ಅಷ್ಟೇ ವೋಲ್ಟಿಗೆ 8 ಓಮಿನ ಸ್ಪೀಕರ್ ಎಳೆಯುವ ಕರೆಂಟಿನ ಎರಡರಷ್ಟನ್ನು 4 ಓಮಿನದು ಎಳೆಯುತ್ತದೆ. ‘ಕನಿಷ್ಠ 6’ ಎಂದು ಬರೆದ ರಿಸೀವರಿಗೆ ಅದನ್ನು ಕಟ್ಟಿದರೆ ಬಿಸಿಯೇರಿ, ಚಿತ್ರದಲ್ಲಿ ಗುಳಿಗ ದೈವ ಬರುವ ಹೊತ್ತಿಗೆ ಸರಿಯಾಗಿ ತನ್ನಷ್ಟಕ್ಕೆ ಆಫ್ ಆದೀತು.

ಸೂತ್ರ 2: ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗದು.
ಭಾಷ್ಯ: ಏರುವುದು 3 ಡೆಸಿಬೆಲ್ ಮಾತ್ರ. 100ರಿಂದ 120 ವ್ಯಾಟಿಗೆ ಜಿಗಿದರೆ 0.8, ಇದು ಕಿವಿಗಿಂತ ಮೊದಲು ಪರ್ಸಿಗೆ ತಿಳಿಯುತ್ತದೆ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಸ್ಪೀಕರಿದ್ದರೆ, 87ರ ಸ್ಪೀಕರಿಗೆ ಬೇಕಾದ ಅರ್ಧ ವ್ಯಾಟ್ ಸಾಕು.

ಸೂತ್ರ 3: ಸೆಟ್ಟಿನಲ್ಲಿ ಬಂದದ್ದು ಸೆಟ್ಟಿಗೇ ನಿಷ್ಠ.
ಭಾಷ್ಯ: ಡಿವಿಡಿ ಪ್ಲೇಯರಿನ ಜೊತೆ ಬಂದ ಹೋಂ ಥಿಯೇಟರ್ ಸ್ಪೀಕರುಗಳಲ್ಲಿ ಹಲವು 3 ಓಮಿನವು, ಪಿನ್ನೂ ಬೇರೆಲ್ಲಿಯೂ ಸೇರದು. ಸಬ್‌ವೂಫರಿನೊಳಗೆ ಆಂಪ್ಲಿಫೈಯರ್ ಇರದಿದ್ದರೆ ಹೊಸ ರಿಸೀವರಿನ ಸಬ್ ಔಟ್‌ಪುಟ್ ಅದನ್ನು ಅಲುಗಾಡಿಸಲಾರದು. ಅದು ಸ್ಟೂಲಾಗಿ ಮುಂದುವರಿಯಲಿ.

ಸೂತ್ರ 4: ಹಂಚಿನ ಮಾಡಿನಡಿ ಆಟ್ಮೋಸ್ ಅಸಿದ್ಧ.
ಭಾಷ್ಯ: ಮೇಲ್ಮುಖವಾಗಿ ಸದ್ದು ಹಾರಿಸುವ ಆಟ್ಮೋಸ್ ಸ್ಪೀಕರಿಗೆ ಚಪ್ಪಟೆ ಸೀಲಿಂಗ್ ಬೇಕು. ಇಳಿಜಾರು ಮಾಡಿಗೆ ಬಡಿದ ಹೆಲಿಕಾಪ್ಟರ್ ಸೀದಾ ಅಡುಗೆಮನೆಯಲ್ಲಿ ಇಳಿಯುತ್ತದೆ. ತಲೆಯ ಮೇಲೆ ಸ್ಪೀಕರೇ ಇಲ್ಲದವರಿಗೆ ಡಬ್ಬದ ಮೇಲಿನ ಆಟ್ಮೋಸ್ ಮುದ್ರೆಯಿಂದ ಮೋಕ್ಷವಿಲ್ಲ. ಆಷಾಢದಲ್ಲಂತೂ ತಲೆಯ ಮೇಲಿನ ಸದ್ದನ್ನು ಮಳೆಯೇ ಪುಕ್ಕಟೆ ಒದಗಿಸುತ್ತದೆ.

ಆಕ್ಷೇಪ: ಪರೀಕ್ಷೆಗೆಂದು ಬಡಗುತಿಟ್ಟು ಯಕ್ಷಗಾನದ ಚಂಡೆ ಹಾಕಿದಾಗ ಪಕ್ಕದ ಮನೆಯಿಂದ, “ಹ್ವಾಯ್, ಇವತ್ತ್ ಆಟ ನಿಮ್ಮನಿ ಒಳ್ಗಾ?” ಎಂಬ ಪ್ರಶ್ನೆ ಬರಬಹುದು.
ಸಮಾಧಾನ: ಇದು ಆಕ್ಷೇಪವಲ್ಲ, ಪ್ರಶಸ್ತಿಪತ್ರ.

ನಿರ್ಣಯ: ಐದು ಸ್ಪೀಕರು, ಆಂಪ್ಲಿಫೈಯರಿರುವ ಒಂದು ಸಬ್‌ವೂಫರ್ ಉಳ್ಳ ಮನೆಗೆ ಅವುಗಳ ಓಮಿಗೆ ಒಪ್ಪುವ, ಟಿವಿಯ ಸದ್ದನ್ನು ಎಳೆದುಕೊಳ್ಳುವ ಇಎಆರ್‌ಸಿ ಕೊಂಡಿಯಿರುವ ಸಾಧಾರಣ 5.1 ರಿಸೀವರ್ ಧಾರಾಳವಾಯಿತು. ಉಳಿದ ದುಡ್ಡಿಗೆ ಒಳ್ಳೆಯ ತಾಮ್ರದ ವಯರು ಕೊಳ್ಳಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಡಿಶ್ಶಿನ ವಯರನ್ನೂ ಬಿಡಬೇಡಿ. ಸಿಡಿಲಿನ ವ್ಯಾಟಿಗೆ ಯಾವ ರಿಸೀವರಿನಲ್ಲೂ ಚಾನೆಲ್ ಇಲ್ಲ.