ವಿಶ್ವಾದ್ಯಂತ ಬಿಡುಗಡೆ, ಶಿರಾಳಕೊಪ್ಪದ ತನಕ

ಪ್ಯಾರಡಿ ಅಣ್ಣನಿಗೆ ಯಾವ ಸಿನಿಮಾ ಹಾಡೂ ಪೂರ್ತಿ ಕೇಳಿಸುವುದಿಲ್ಲ. ಪಲ್ಲವಿ ಮುಗಿಯುವಷ್ಟರಲ್ಲಿ ನಾಯಕಿಯ ಜಾಗದಲ್ಲಿ ಶುಂಠಿ ಬಂದು ಕೂತಿರುತ್ತದೆ. ಅಲ್ಲಿ ವಿರಹವಿದ್ದರೆ ಇಲ್ಲಿ ಮೆಕ್ಕೆಜೋಳದ ರೇಟು; ಅಲ್ಲಿ ನಾಯಕ ಮಳೆಯಲ್ಲಿ ಕುಣಿದರೆ ಇಲ್ಲಿ ಅದೇ ಮಳೆಗೆ ಹೋದ ಕರೆಂಟು ಇನ್ನೂ ಬಂದಿರುವುದಿಲ್ಲ. ಶಿಕಾರಿಪುರದಿಂದ ಸೊರಬದವರೆಗೆ ಹೋಬಳಿಗೊಬ್ಬನಂತೆ ಇವನಿದ್ದಾನೆ. ಹಗಲು ಮೊಬೈಲ್ ರಿಪೇರಿ, ರಾತ್ರಿ ಸಾಹಿತ್ಯ ರಿಪೇರಿ.

ಕೆಣಕಿದರೆ ವಂಶಾವಳಿ ಬಿಚ್ಚುತ್ತಾನೆ. “ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇಬ್ರೂ ನಮ್ಮ ತಾಲ್ಲೂಕಿನೋರೇ. ಪದ ಕಟ್ಟೋದು ಇಲ್ಲಿನ ನೀರಿನ ಗುಣ.” ಅಲ್ಲಿಂದ ಒಂದೇ ನೆಗೆತಕ್ಕೆ ಟಿ.ಪಿ. ಕೈಲಾಸಂ ಹತ್ತಿರ ಬರುತ್ತಾನೆ. ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡಿನ ಧಾಟಿಗೆ ಕೋಳೀಕೆ ರಂಗನನ್ನು ಕುಣಿಸಿದವರು ಅವರೇ ತಾನೆ? “ಅವರಿಗೆ ಜನ ಚಪ್ಪಾಳೆ ಹೊಡೆದ್ರು, ನನಗೆ ಕಂಪನಿಯೋರು ಕಾಪಿರೈಟ್ ಸ್ಟ್ರೈಕ್ ಹೊಡೀತಾರೆ!” ಸೊರಬ ಬಂಗಾರಪ್ಪನವರನ್ನೂ ಶಿಕಾರಿಪುರ ಯಡಿಯೂರಪ್ಪನವರನ್ನೂ ಮುಖ್ಯಮಂತ್ರಿ ಮಾಡಿ ಕಳಿಸಿರುವಾಗ, ನಡುವಿನ ಶಿರಾಳಕೊಪ್ಪದಿಂದ ಒಬ್ಬ ವಿಶ್ವಗಾಯಕ ಹೊರಡುವುದು ಅವನ ಲೆಕ್ಕದಲ್ಲಿ ದೊಡ್ಡ ಮಾತೇನಲ್ಲ.

ಈಗ ವಿಶ್ವಕ್ಕೆ ಹೊರಡುವುದೂ ಸುಲಭ. ವರ್ಷದ ಚಂದಾ ಕಟ್ಟಿ, ಹಾಡು ಮತ್ತು ಚೌಕಾಕಾರದ ಒಂದು ಫೋಟೋ ಏರಿಸಿದರೆ ವಿತರಣೆಯ ಕಂಪನಿ ಅದನ್ನು ಸ್ಪಾಟಿಫೈ, ಆಪಲ್, ಜಿಯೋಸಾವನ್ ಎಲ್ಲಕ್ಕೂ ಹಂಚುತ್ತದೆ. ಹಾಡಿಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಗುರುತಿನ ಸಂಖ್ಯೆ ಬಂದ ದಿನ ಅಣ್ಣನಿಗೆ ಹೊಲದ ಪಹಣಿ ತನ್ನ ಹೆಸರಿಗಾದಷ್ಟು ಸಂಭ್ರಮ. ಫಾರಂ ತುಂಬುವಾಗ ಮಾತ್ರ ಒಂದು ಕಡೆ ಬೆರಳು ನಿಲ್ಲುತ್ತದೆ: ಸಂಗೀತ ಸಂಯೋಜನೆ ಯಾರದು? ಸ್ವಲ್ಪ ಯೋಚಿಸಿ “ಸ್ವಂತ” ಎಂದು ಒತ್ತುತ್ತಾನೆ. ಅಸಲಿ ಹಾಡಿನ ಯಜಮಾನರ ಯಂತ್ರಕ್ಕೆ ಯೋಚನೆಯೂ ಬೇಕಾಗುವುದಿಲ್ಲ. ಧಾಟಿ ಹಿಡಿದು ಹಾಡು ಇಳಿಸುತ್ತದೆ.

ಆಮೇಲೆ ಅಣ್ಣ ವಕೀಲನಾಗುತ್ತಾನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆಗೆ ವಿನಾಯಿತಿ ಇದೆ, ತನ್ನದೂ ವಿಮರ್ಶೆಯೇ ಎಂದು ವಾದ. ಅಲ್ಲಿ ಪ್ಯಾರಡಿಯ ಹೆಸರೇ ಇಲ್ಲವಲ್ಲ ಎಂದರೆ “ಹಾಸ್ಯ ಮಾಡಬಾರ್ದು ಅಂತಾನೂ ಬರೆದಿಲ್ಲಲ್ಲ” ಎನ್ನುತ್ತಾನೆ. ಕವರ್ ಹಾಡು ಮಾಡಲು 31ಸಿ ಕಲಮು ಬಾಗಿಲು ತೆರೆಯುತ್ತದೆ. ಆದರೆ ಮೂಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಾಯಬೇಕು, ಕಾದ ಮೇಲೂ ಪದವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. ಪದ ಬದಲಿಸದಿದ್ದರೆ ಅಣ್ಣನಿಗೆ ಅಲ್ಲಿ ಕೆಲಸವೇನು?

ದೀಪಾವಳಿ ಬಂದಾಗ ವಿಶ್ವ ಸಾಹಸಕ್ಕೆ ಬಿಡುವು. ಹೋರಿ ಹಬ್ಬದ ಹುಡುಗರು ಬಾಗಿಲಿಗೆ ಬರುತ್ತಾರೆ. “ಅಣ್ಣಾ, ನಮ್ಮ ಹೋರಿಗೊಂದು ಹಾಡು ಮಾಡ್ಕೊಡು. ಎದುರಾಳಿ ಹೋರಿ ಹೆಸರು ಬರಬಾರ್ದು, ಆದ್ರೆ ಅವ್ರಿಗೆ ಉರೀಬೇಕು.” ವರ್ಷವಿಡೀ ಎಲ್ಲರ ಕಾಲೆಳೆದವನು ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡು ನುಗ್ಗುವ ಪ್ರಾಣಿಗೆ ಆಸ್ಥಾನ ಕವಿಯಾಗುತ್ತಾನೆ. ಹಾಡು ಡಿಜೆಯಲ್ಲಿ ಮೊಳಗುತ್ತದೆ, ದುಡ್ಡು ಕೈಗೇ ಬರುತ್ತದೆ, ಹೋರಿಗೆ ಕೃತಿಸ್ವಾಮ್ಯದ ತಕರಾರಿಲ್ಲ.

ಡಿಜಿಟಲ್ ಗಳಿಕೆಯ ಕಥೆ ಬೇರೆ. 2024ರಿಂದ ಸ್ಪಾಟಿಫೈ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸು ಕೊಡುವುದಿಲ್ಲ. 30 ಸೆಕೆಂಡ್ ಕೇಳಿದರಷ್ಟೇ ಒಂದು ಸಲ. ಹೀಗಾಗಿ ಅಣ್ಣನ ಬೇಡಿಕೆ ಸರಳ: “ಅರ್ಧ ನಿಮಿಷ ಕೇಳ್ರಿ, ಆಮೇಲೆ ಬೈರಿ.” ಅವ್ವನ ಫೋನು ರಾತ್ರಿಯಿಡೀ ಅವನ ಹಾಡು ಹಾಡುತ್ತಿರುತ್ತದೆ, ಅವ್ವ ಪಕ್ಕದ ಮನೆಯಲ್ಲಿ ಮಲಗುತ್ತಾಳೆ. ಅಂಕಿಅಂಶದ ಪುಟದಲ್ಲಿ ದೂರದ ದೇಶದ ಕೇಳುಗನೊಬ್ಬ ಕಂಡಾಗ ಊರಿಗೆಲ್ಲ ಚಹಾ. ವಿಚಾರಿಸಿದರೆ ಆತ ಆನವಟ್ಟಿಯ ಹುಡುಗ, ಕೆಲಸಕ್ಕೆಂದು ಹೋದವನು. ಮತ್ಯಾರು ಕೇಳಬೇಕು? ಶುಂಠಿ ಚೀಲದ ತೂಕದಲ್ಲಿ ಕಿಲೋ ಎಲ್ಲಿ ಮಾಯವಾಗುತ್ತದೆ ಎಂಬ ಸಾಲಿಗೆ ನಗಬೇಕಾದರೆ ಆ ತಕ್ಕಡಿಯ ಮುಂದೆ ಒಮ್ಮೆ ನಿಂತಿರಬೇಕು.

ಆ ಸಾಲು ಯಾವ ದಲ್ಲಾಳಿಯ ಮೇಲೆಂದು ಊರಿಗೆಲ್ಲ ಗೊತ್ತು. ಹಾಡು ಬಿಡುಗಡೆಯಾದ ದಿನ ಅಣ್ಣ ಹೊಡೆತಕ್ಕೆ ಹೆದರಿ ಅಂಗಡಿ ಬಾಗಿಲು ಹಾಕಿದ್ದ. ದಲ್ಲಾಳಿ ಹುಡುಕಿಕೊಂಡೇ ಬಂದ. “ಚಲೋ ಐತಿ ತಮ್ಮಾ. ಮುಂದಿನದ್ರಾಗೆ ನನ್ನ ಹೆಸರೇ ಹಾಕು, ಖರ್ಚು ನಾ ಕೊಡ್ತೀನಿ.” ಈಗ ದಲ್ಲಾಳಿಗೆ ಕರೆ ಮಾಡಿದರೆ ಮೊದಲು ಕೇಳುವುದು ಅವನನ್ನೇ ಹಂಗಿಸುವ ಹಾಡು. ಪಲ್ಲವಿ ಮುಗಿದ ಮೇಲೆ ಫೋನೆತ್ತಿ, ಅದೇ ಹಳೇ ರೇಟು ಹೇಳುತ್ತಾನೆ.